ಸೈಕೋ, ಸಂಸ್ಕಾರ ಮತ್ತು ಕತ್ತರಿಗೆ ಸಿಗದ ಹೆಣ

ಹಿಚ್‌ಕಾಕನ 'ಸೈಕೋ' ಅಮೆರಿಕದ ಸೆನ್ಸಾರಿನವರನ್ನು ಹೇಗೆ ಆಟ ಆಡಿಸಿತು ಅಂತ ಬರೆಯೋಣ ಅಂತ ಶುರು ಮಾಡಿದ್ದೆ. ಸುಮಾರು ದಿನದಿಂದ ತಲೆಯಲ್ಲಿತ್ತು. ಬರೆಯುತ್ತಾ ಹೋದಂತೆ ನಮ್ಮ 'ಸಂಸ್ಕಾರ' ನೆನಪಾಯಿತು. ಆಮೇಲೆ ಅದು ಬಿಡಲೇ ಇಲ್ಲ. ಈಗ ನೋಡಿದರೆ 'ಸೈಕೋ' ಪೀಠಿಕೆಗೆ ಸರಿದು, ಉಳಿದದ್ದೆಲ್ಲ 'ಸಂಸ್ಕಾರ'ದ ಪಾಲಾಗಿದೆ. "ಸಂಸ್ಕಾರ ಸಸ್ಪೆನ್ಸ್ ಸಿನಿಮಾನಾ ಮಾರಾಯಾ?" ಅಂತ ಕೇಳಬೇಡಿ. ಸ್ವಲ್ಪ ತಾಳಿ, ಅಲ್ಲಿಗೇ ಬರ್ತಾ ಇದ್ದೇನೆ.

ಮೊದಲು 'ಸೈಕೋ'. 1960ರ ಚಿತ್ರ. ಅಮೆರಿಕದಲ್ಲಿ ನಮ್ಮ ಹಾಗೆ ಇಡೀ ದೇಶಕ್ಕೊಂದು ಸರ್ಕಾರಿ ಸೆನ್ಸಾರ್ ಮಂಡಳಿ ಇರಲಿಲ್ಲ. ಕೆಲವು ರಾಜ್ಯಗಳು, ಊರುಗಳು ಅವರವರ ಮಟ್ಟಿಗೆ ಕತ್ತರಿ ಇಟ್ಟುಕೊಂಡಿದ್ದವು. ಅದಕ್ಕಿಂತ ದೊಡ್ಡ ಕತ್ತರಿ ಇದ್ದದ್ದು ಸ್ಟುಡಿಯೋಗಳ ಕೈಯಲ್ಲೇ. ಸರ್ಕಾರ ಬಂದು ಮೂಗು ತೂರಿಸುವ ಮೊದಲು ನಾವೇ ನಮ್ಮ ಮನೆ ಗುಡಿಸಿಕೊಳ್ಳೋಣ ಅಂತ 1930ರಲ್ಲಿ ಒಂದು ನಿಯಮಾವಳಿ ಮಾಡಿಕೊಂಡಿದ್ದರು. ಹೇಸ್ ಕೋಡ್ ಅಂತ ಜನ ಕರೆಯುವುದು. 1934ರಿಂದ ಅದು ಬಿಗಿಯಾಗಿ ಜಾರಿಗೆ ಬಂತು. ಕೋಡಿನ ಕಚೇರಿಯ ಮುದ್ರೆ ಬೀಳದ ಚಿತ್ರವನ್ನು ದೊಡ್ಡ ಸ್ಟುಡಿಯೋಗಳು ಬಿಡುಗಡೆ ಮಾಡುವ ಹಾಗಿರಲಿಲ್ಲ. ಮದುವೆಯಾಗದವರು ಮಂಚದ ಮೇಲೆ ಕೂರಬಾರದು, ಕೊಲೆಯನ್ನು ವಿವರವಾಗಿ ತೋರಿಸಬಾರದು, ಬೆತ್ತಲೆಯಂತೂ ಸುಳಿವೂ ಬೇಡ... ಪಟ್ಟಿ ಉದ್ದ ಉಂಟು.

1960ರ ಹೊತ್ತಿಗೆ ಕೋಡು ಸ್ವಲ್ಪ ಸಡಿಲವಾಗಿತ್ತು ಅನ್ನುವುದೂ ನಿಜ. 1953ರಲ್ಲೇ ಪ್ರೆಮಿಂಜರ್ ಅನ್ನುವ ನಿರ್ದೇಶಕ ಮುದ್ರೆಯೇ ಇಲ್ಲದೆ 'ದಿ ಮೂನ್ ಈಸ್ ಬ್ಲೂ' ಬಿಡುಗಡೆ ಮಾಡಿ ಗೆದ್ದಿದ್ದ. ಆದರೆ ಹಿಚ್‌ಕಾಕ್ ಮುದ್ರೆ ಬೇಡ ಅನ್ನಲಿಲ್ಲ. ಮುದ್ರೆ ಹಾಕಿಸಿಕೊಂಡೇ ಆ ಪಟ್ಟಿಯನ್ನು ಒಂದೊಂದಾಗಿ ದಾಟಿದ. ಪ್ಯಾರಾಮೌಂಟ್‌ನವರಿಗೆ ಈ ಕಥೆಯೇ ಇಷ್ಟ ಇರಲಿಲ್ಲ. ಹಾಗಾಗಿ ತನ್ನದೇ ಕಂಪೆನಿಯ ದುಡ್ಡು ಹಾಕಿ, ತನ್ನ ಟೀವಿ ಧಾರಾವಾಹಿಯ ತಂಡವನ್ನೇ ಇಟ್ಟುಕೊಂಡು, ಕಪ್ಪು ಬಿಳುಪಿನಲ್ಲಿ, ಸುಮಾರು 8 ಲಕ್ಷ ಡಾಲರಿನಲ್ಲಿ ಚಿತ್ರ ಮುಗಿಸಿದ. ಮೊದಲ ದೃಶ್ಯದಲ್ಲೇ ನಾಯಕಿ ಒಳಉಡುಪಿನಲ್ಲಿ, ಮದುವೆಯಾಗದ ಗೆಳೆಯನ ಜತೆ, ಮಟಮಟ ಮಧ್ಯಾಹ್ನ, ಹೋಟೆಲ್ ರೂಮಿನಲ್ಲಿ! ಆಮೇಲೆ ಕಕ್ಕಸಿನ ಕಮೋಡು. ಇದು ಕೇಳಿದರೆ ನಗು ಬರುತ್ತದೆ, ಆದರೆ ಅಮೆರಿಕದ ದೊಡ್ಡ ಸಿನಿಮಾಗಳಲ್ಲಿ ಅದುವರೆಗೆ ಕಮೋಡಿಗೆ ನೀರು ಬಿಡುವುದನ್ನು ಯಾರೂ ತೋರಿಸಿರಲಿಲ್ಲ. ಚಿತ್ರಕಥೆ ಬರೆದ ಜೋಸೆಫ್ ಸ್ಟೆಫಾನೋ ಬೇಕೆಂದೇ ಹರಿದ ಚೀಟಿಯನ್ನು ಆ ನೀರಿಗೆ ಹಾಕಿಸಿದ. ಮುಂದೆ ಅದೇ ಚೀಟಿಯ ಒಂದು ಚೂರು ಪತ್ತೇದಾರಿಕೆಗೆ ಬೇಕು. ಇನ್ನು ಕತ್ತರಿಸಿ ನೋಡೋಣ!

ಶವರ್ ದೃಶ್ಯ ಎಲ್ಲರಿಗೂ ಗೊತ್ತಿದೆ. ಮುಕ್ಕಾಲು ನಿಮಿಷದ ಕೊಲೆ, ಚಿತ್ರೀಕರಣಕ್ಕೆ 7 ದಿನ, 78 ಕ್ಯಾಮೆರಾ ಸ್ಥಾನಗಳು, 52 ತುಂಡುಗಳು. ರಕ್ತ ಅಂತ ಹರಿದದ್ದು ಚಾಕಲೇಟ್ ಪಾಕ. ಚಾಕು ಮಾಂಸದೊಳಗೆ ಇಳಿಯುವುದನ್ನು ನಾವು ಬಹುಮಟ್ಟಿಗೆ ನೋಡುವುದೇ ಇಲ್ಲ. ಕೈ, ಕಣ್ಣು, ಬಾಯಿ, ನೀರು, ಪರದೆ, ಮತ್ತೆ ಕೈ. ಅಷ್ಟೆ. ಬರ್ನಾರ್ಡ್ ಹೆರ್ಮನ್‌ನ ಪಿಟೀಲುಗಳು ಚೀರುವಾಗ ಉಳಿದದ್ದನ್ನು ನಮ್ಮ ತಲೆ ಮಾಡಿ ಮುಗಿಸುತ್ತದೆ.

ಈಗ ನನಗೆ ತುಂಬ ಇಷ್ಟವಾದ ಭಾಗ. ಹಿಚ್‌ಕಾಕ್ ಬಗ್ಗೆ ಬರೆದವರೆಲ್ಲ ಹೇಳುವ ಕಥೆ ಇದು. ಕೋಡಿನ ಕಚೇರಿಯಲ್ಲಿ ದೃಶ್ಯ ನೋಡಿದ ಕೆಲವರು ಬೆತ್ತಲೆ ಮೈ ಕಂಡಿತು ಅಂದರು. ಇನ್ನು ಕೆಲವರು ನಮಗೇನೂ ಕಾಣಲಿಲ್ಲ ಅಂದರು. ಸರಿ, ತೆಗೆದು ಕಳಿಸುತ್ತೇನೆ ಅಂತ ಡಬ್ಬ ವಾಪಸು ತಗೊಂಡ ಹಿಚ್‌ಕಾಕ್, ಏನನ್ನೂ ಮುಟ್ಟದೆ ಅದೇ ರೀಲನ್ನು ಮತ್ತೆ ಕಳಿಸಿದನಂತೆ. ಈ ಸಲ ಮೊದಲು ಕಂಡವರಿಗೆ ಕಾಣಲಿಲ್ಲ, ಕಾಣದವರಿಗೆ ಕಂಡಿತು! ನಮ್ಮ ಕೆಲಸದಲ್ಲಿ ಇರುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬಗ್ ಸರಿಮಾಡದೆ ಅದೇ ಬಿಲ್ಡನ್ನು ಮತ್ತೆ ಕಳಿಸಿದರೆ, ಟೆಸ್ಟಿಂಗ್‌ನವರು "ಈಗ ಸರಿ ಉಂಟು" ಅಂತ ಟಿಕೆಟ್ ಮುಚ್ಚಿಬಿಡುತ್ತಾರಲ್ಲ, ಹಾಗೆ. :-)

ನಗು ಇರಲಿ. ಇದರೊಳಗೆ ಒಂದು ಗಟ್ಟಿ ವಿಷಯ ಉಂಟು. ಕತ್ತರಿ ಹಾಕಲು ಫಿಲ್ಮಿನ ಮೇಲೆ ಏನಾದರೂ ಇರಬೇಕು. ಫಿಲ್ಮಿನ ಮೇಲೆ ಇಲ್ಲದ್ದು, ನೋಡುವವನ ತಲೆಯಲ್ಲಿ ಮಾತ್ರ ನಡೆಯುವುದು, ಅದನ್ನು ಎಲ್ಲಿಂದ ಎಲ್ಲಿಗೆ ಅಂತ ಕತ್ತರಿಸುವುದು? ಸಸ್ಪೆನ್ಸ್ ಅನ್ನುವುದೇ ಅಂಥ ವಸ್ತು. ಹಿಚ್‌ಕಾಕ್ ಕೊಟ್ಟ ಉದಾಹರಣೆ ಪ್ರಸಿದ್ಧ. ಇಬ್ಬರು ಮೇಜಿನ ಎದುರು ಕೂತು ಹರಟುತ್ತಿದ್ದಾರೆ, ಇದ್ದಕ್ಕಿದ್ದ ಹಾಗೆ ಬಾಂಬು ಸಿಡಿದರೆ ಅದು ಬರೀ ಬೆಚ್ಚಿಬೀಳಿಸುವುದು. ಮೇಜಿನ ಅಡಿಯಲ್ಲಿ ಬಾಂಬು ಇದೆ ಅಂತ ನಮಗೆ ಮೊದಲೇ ತೋರಿಸಿ, ಅವರಿಬ್ಬರಿಗೆ ಗೊತ್ತಿಲ್ಲದೆ ಹರಟೆ ಮುಂದುವರಿದರೆ ಅದು ಸಸ್ಪೆನ್ಸ್. ಅಂದರೆ ನಮಗೆ ಗೊತ್ತಿದೆ, ಅವರಿಗೆ ಗೊತ್ತಿಲ್ಲ. ಇಷ್ಟೇ ಸೂತ್ರ.

ಈಗ 'ಸಂಸ್ಕಾರ'ವನ್ನು ಈ ಸೂತ್ರ ಹಿಡಿದು ನೋಡಿ.

ಮಲೆನಾಡಿನ ದೂರ್ವಾಸಪುರ ಅನ್ನುವ ಅಗ್ರಹಾರ. ಶಿವಮೊಗ್ಗೆಗೆ ಹೋಗಿ ಬಂದ ನಾರಣಪ್ಪ ಜ್ವರ ಬಂದು ಸತ್ತಿದ್ದಾನೆ. ಬದುಕಿದ್ದಾಗ ಬ್ರಾಹ್ಮಣ್ಯ ಬಿಟ್ಟವನು, ಕುಂದಾಪುರದ ಚಂದ್ರಿಯನ್ನು ಮನೆಯಲ್ಲಿಟ್ಟುಕೊಂಡವನು, ದೇವಸ್ಥಾನದ ಕೆರೆಯ ಮೀನು ಹಿಡಿದವನು. ಆದರೆ ಜಾತಿಯಿಂದ ಯಾರೂ ಹೊರಗೆ ಹಾಕಿರಲಿಲ್ಲ. ಈಗ ಹೆಣ ಸುಡುವವರು ಯಾರು? ಸುಡುವವರೆಗೆ ಅಗ್ರಹಾರದಲ್ಲಿ ಯಾರೂ ಊಟ ಮಾಡುವ ಹಾಗಿಲ್ಲ. ಎಲ್ಲರೂ ಪಂಡಿತ ಪ್ರಾಣೇಶಾಚಾರ್ಯರ ಮುಖ ನೋಡುತ್ತಾರೆ. ಆಚಾರ್ಯರು ಗ್ರಂಥ ನೋಡುತ್ತಾರೆ. ಚಂದ್ರಿ ತನ್ನ ಚಿನ್ನ ಬಿಚ್ಚಿಟ್ಟ ಮೇಲಂತೂ ನಾನು ಸುಡುತ್ತೇನೆ ತಾನು ಸುಡುತ್ತೇನೆ ಅನ್ನುವ ಆಸೆ ಬೇರೆ ಹುಟ್ಟಿಕೊಳ್ಳುತ್ತದೆ.

ಇಷ್ಟರಲ್ಲಿ ಇಲಿಗಳು ಹೊರಗೆ ಬಂದು ಬಿದ್ದು ಸಾಯುತ್ತವೆ. ಮಾಡಿನ ಮೇಲೆ ಹದ್ದುಗಳು ಬಂದು ಕೂರುತ್ತವೆ. ಅಗ್ರಹಾರದವರು ಅಪಶಕುನ ಅಂದುಕೊಂಡು ಜಾಗಟೆ ಬಡಿದು ಓಡಿಸುತ್ತಾರೆ. ನಮಗೆ ಗೊತ್ತು, ಅದು ಪ್ಲೇಗು. ಅವರಿಗೆ ಗೊತ್ತಿಲ್ಲ. ಇದು ಮೇಜಿನ ಅಡಿಯ ಬಾಂಬು ಅಲ್ಲದೆ ಇನ್ನೇನು?

ಇನ್ನೊಂದು ಬಾಂಬೂ ಉಂಟು. ಕಾದೂ ಕಾದೂ ಸಾಕಾದ ಚಂದ್ರಿ ರಾತ್ರಿ ಹೊರಟು ಮೀನಿನ ವ್ಯಾಪಾರದ ಅಹಮದ್ ಬ್ಯಾರಿಯ ಹತ್ತಿರ ಹೋಗಿ ಕೇಳುತ್ತಾಳೆ. ಅವನು ಗಾಡಿ ತಂದು, ಹೆಣ ಹೊತ್ತು, ಸೌದೆ ಒಟ್ಟಿ, ಯಾರಿಗೂ ಗೊತ್ತಾಗದ ಹಾಗೆ ಸುಟ್ಟು ಹೋಗುತ್ತಾನೆ. ಮಾರನೆಯ ದಿನವೂ ಅದರ ಮಾರನೆಯ ದಿನವೂ ಬ್ರಾಹ್ಮಣರು ಆ ಹೆಣಕ್ಕೆ ಏನು ಮಾಡುವುದು ಅಂತ ಊರೂರು ತಿರುಗಿ ಕೇಳುತ್ತಲೇ ಇರುತ್ತಾರೆ. ಬೂದಿಯಾದ ಹೆಣದ ಬಗ್ಗೆ ಶಾಸ್ತ್ರ ಚರ್ಚೆ! ನಮಗೆ ಗೊತ್ತಿದೆ, ಅವರಿಗೆ ಗೊತ್ತಿಲ್ಲ. ಘಟ್ಟದ ಕೆಳಗಿನವನಾದ ನನಗೆ ಇಲ್ಲಿ ಇನ್ನೂ ಒಂದು ಖುಷಿ. ಇಡೀ ಅಗ್ರಹಾರಕ್ಕೆ ಆಗದ ಕೆಲಸವನ್ನು ಮಾಡಿದ್ದು ಒಬ್ಬಳು ಕುಂದಾಪುರದವಳು, ಒಬ್ಬ ಬ್ಯಾರಿ. ಮಿಜಾರು ಕಡೆ ಮೀನು ಹೊತ್ತು ಬರುವ ಬ್ಯಾರಿಗಳನ್ನು ನೋಡಿ ಬೆಳೆದವರಿಗೆ ಆ ಪಾತ್ರ ಪಕ್ಕದ ಮನೆಯವನ ಹಾಗೆ ಕಾಣುತ್ತದೆ.

ಯು. ಆರ್. ಅನಂತಮೂರ್ತಿ ಈ ಕಾದಂಬರಿ ಬರೆದದ್ದು ಇಂಗ್ಲೆಂಡಿನಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ. ಅಲ್ಲಿ ಬರ್ಗ್‌ಮನ್ನನ 'ದಿ ಸೆವೆಂತ್ ಸೀಲ್' ಚಿತ್ರ ನೋಡಿದ್ದೇ ಅದಕ್ಕೆ ಕಾರಣವಾಯಿತು ಅಂತ ಅವರೇ ಹಲವು ಕಡೆ ಹೇಳಿದ್ದಾರೆ. ಅದೂ ಪ್ಲೇಗಿನ ಕಾಲದ ಕಥೆಯೇ. ಹಾಗಾಗಿ ಒಂದು ಸಿನಿಮಾದಿಂದ ಕಾದಂಬರಿ ಹುಟ್ಟಿ, 1965ರಲ್ಲಿ ಅಚ್ಚಾಗಿ, ಐದು ವರ್ಷದ ನಂತರ ಮತ್ತೆ ಸಿನಿಮಾ ಆಯಿತು.

ಸಿನಿಮಾ ಮಾಡಿದವರ ಗುಂಪು ಇನ್ನೂ ವಿಚಿತ್ರ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ನೆಲ್ಲೂರಿನವರು, ತೆಲುಗು ಕವಿ, ಅದಕ್ಕೆ ಮೊದಲು ತೆಲುಗಿನಲ್ಲಿ ಚಿತ್ರ ನಿರ್ಮಿಸಿದವರು. ಚಂದ್ರಿಯಾದವರು ಅವರ ಹೆಂಡತಿ ಸ್ನೇಹಲತಾ ರೆಡ್ಡಿ. ಚಿತ್ರಕಥೆ ಗಿರೀಶ್ ಕಾರ್ನಾಡರದ್ದು, ಪ್ರಾಣೇಶಾಚಾರ್ಯರ ಪಾತ್ರವೂ ಅವರದ್ದೇ. ಆಗ ಅವರು ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಕೆಲಸದಲ್ಲಿದ್ದವರು. ಅಲ್ಲಿನ 'ಮದ್ರಾಸ್ ಪ್ಲೇಯರ್ಸ್' ನಾಟಕ ತಂಡದಲ್ಲಿ ಸ್ನೇಹಲತಾ ಅವರ ಜತೆ ಕೆಲಸ ಮಾಡಿದವರು. ನಾರಣಪ್ಪನಾಗಿ ಪಿ. ಲಂಕೇಶ್. ಕ್ಯಾಮೆರಾ ಟಾಮ್ ಕೋವನ್ ಅನ್ನುವ ಆಸ್ಟ್ರೇಲಿಯಾದವನದ್ದು, ಸಂಗೀತ ಸರೋದಿನ ರಾಜೀವ ತಾರಾನಾಥರದ್ದು. ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ಚಿತ್ರೀಕರಣ. ಇದೂ ಕಪ್ಪು ಬಿಳುಪು. ಹಾಡಿಲ್ಲ, ಫೈಟಿಲ್ಲ. ಖರ್ಚು ಹೆಚ್ಚು ಕಡಿಮೆ ಒಂದು ಲಕ್ಷ ರೂಪಾಯಿ.

ಸಿನಿಮಾ ತಯಾರಾಗಿ ಸೆನ್ಸಾರಿಗೆ ಹೋಯಿತು. ಆಗಿನ ಕನ್ನಡ ಸಿನಿಮಾದ ದಾರಿಯೆಲ್ಲ ಮದ್ರಾಸಿನ ಮೂಲಕ, ಸೆನ್ಸಾರೂ ಅಲ್ಲೇ. ಮದ್ರಾಸಿನ ಮಂಡಳಿ ನೋಡಿ, ಇದನ್ನು ತೋರಿಸುವ ಹಾಗಿಲ್ಲ ಅಂದಿತು. ಈ ದೃಶ್ಯ ತೆಗೆಯಿರಿ, ಆ ಮಾತು ತೆಗೆಯಿರಿ ಅಂತಲ್ಲ. ಪೂರ್ತಿ ಚಿತ್ರವೇ ಬೇಡ. ಜಾತಿಯ ವಿಷಯ, ಜನರಲ್ಲಿ ಉದ್ವೇಗ ಉಂಟಾದೀತು ಅನ್ನುವ ಭಯ.

ಈ 'ಪೂರ್ತಿ ಬೇಡ' ಅನ್ನುವುದರ ಬಗ್ಗೆ ಸ್ವಲ್ಪ ಯೋಚನೆ ಮಾಡಿ. ಸೆನ್ಸಾರಿನ ಸಾಮಾನ್ಯ ಕೆಲಸ ಹೀಗೆ. ಸಮಿತಿ ಕೂತು ನೋಡುತ್ತದೆ, ಇಷ್ಟನೆಯ ರೀಲಿನಲ್ಲಿ ಇಂಥ ದೃಶ್ಯ ಇಷ್ಟು ಕಡಿಮೆ ಮಾಡಿ ಅಂತ ಪಟ್ಟಿ ಕೊಡುತ್ತದೆ. ನಿರ್ಮಾಪಕ ಅಳುತ್ತಾ ಕತ್ತರಿಸಿ ಕೊಡುತ್ತಾನೆ, ಸರ್ಟಿಫಿಕೇಟ್ ಸಿಗುತ್ತದೆ. ಸಣ್ಣವನಿದ್ದಾಗ ಮೂಡಬಿದಿರೆಯ ಟಾಕೀಸಿನಲ್ಲಿ ಸಿನಿಮಾ ಶುರುವಾಗುವ ಮೊದಲು ಆ ಸರ್ಟಿಫಿಕೇಟ್ ಪರದೆ ಮೇಲೆ ಬಂದ ಕೂಡಲೇ ಎಲ್ಲರೂ ರೀಲು ಎಷ್ಟು ಅಂತ ಓದುತ್ತಿದ್ದರು, ಸಿನಿಮಾ ಎಷ್ಟು ಹೊತ್ತು ಅಂತ ಲೆಕ್ಕ ಹಾಕಲು. ಅದರ ಕೆಳಗಿನ ಮೂಲೆಯಲ್ಲಿ ಒಂದು ತ್ರಿಕೋನ ಇದ್ದರೆ ಚಿತ್ರಕ್ಕೆ ಕತ್ತರಿ ಬಿದ್ದಿದೆ ಅಂತ ಅರ್ಥ. ಇದು ನನಗೆ ಗೊತ್ತಾದದ್ದು ಇಂಜಿನಿಯರಿಂಗ್ ಮುಗಿದ ಮೇಲೆ!

'ಸಂಸ್ಕಾರ'ಕ್ಕೆ ತ್ರಿಕೋನ ಹಾಕಲು ಜಾಗ ಎಲ್ಲಿದೆ? ಪ್ರಾಣೇಶಾಚಾರ್ಯರು ಚಂದ್ರಿಯನ್ನು ಕಾಡಿನಲ್ಲಿ ಕೂಡುವ ದೃಶ್ಯ ತೆಗೆದರೂ ಹೆಣ ಹಾಗೇ ಇರುತ್ತದೆ. ಮೀನು ಹಿಡಿಯುವುದನ್ನು ತೆಗೆದರೂ ಹೆಣ ಹಾಗೇ ಇರುತ್ತದೆ. ಮಂಡಳಿಗೆ ತೊಂದರೆ ಕೊಟ್ಟದ್ದು ಯಾವುದೋ ಒಂದು ಶಾಟ್ ಅಲ್ಲ. ಶಾಸ್ತ್ರ ಬಲ್ಲವರೆಲ್ಲ ಸೇರಿದರೂ ಒಂದು ಹೆಣ ಸುಡಲು ಆಗಲಿಲ್ಲವಲ್ಲ ಅಂತ ಪ್ರೇಕ್ಷಕ ಎದ್ದು ಹೋಗುವಾಗ ಅಂದುಕೊಳ್ಳುತ್ತಾನಲ್ಲ, ಅದು. ಅದು ಯಾವ ರೀಲಿನಲ್ಲೂ ಇಲ್ಲ. ಅಮೆರಿಕದವರು ಇಲ್ಲದ ಬೆತ್ತಲೆಯನ್ನು ಪರದೆಯ ಮೇಲೆ ಕಂಡರು. ಮದ್ರಾಸಿನವರು ಇನ್ನೂ ಆಗದ ಗಲಾಟೆಯನ್ನು ಟಾಕೀಸಿನ ಹೊರಗೆ ಕಂಡರು. ನನ್ನ ಮಟ್ಟಿಗೆ ಎರಡೂ ಒಂದೇ ಜಾತಿಯ ನೋಟ. ಆದರೆ ಹಿಚ್‌ಕಾಕ್ ಅದೇ ರೀಲನ್ನು ಮತ್ತೆ ಕಳಿಸಿ ತಪ್ಪಿಸಿಕೊಂಡ. ಪಟ್ಟಾಭಿಯವರಿಗೆ ಆ ದಾರಿ ಇರಲಿಲ್ಲ.

ಇದರಲ್ಲಿ ಇನ್ನೊಂದು ಸ್ವಾರಸ್ಯ ಉಂಟು. ಇದೇ ಕಥೆ ಪುಸ್ತಕವಾಗಿ ಐದು ವರ್ಷದಿಂದ ಅಂಗಡಿಯಲ್ಲಿತ್ತು. ಬೈದವರು ಬೈದರು, ಹೊಗಳಿದವರು ಹೊಗಳಿದರು, ವಾದ ವಿವಾದ ಬೇಕಾದಷ್ಟಾಯಿತು. ಆದರೆ ಅದನ್ನು ಅಚ್ಚು ಹಾಕುವ ಮೊದಲು ಯಾರ ಅನುಮತಿಯೂ ಬೇಕಿರಲಿಲ್ಲ. ನನ್ನ ದೊಡ್ಡಪ್ಪ ಎಪ್ಪತ್ತರ ದಶಕದಲ್ಲಿ ಕಾಲೇಜು ಓದಿದವರು. ಕೇಳಿದೆ. "ಪುಸ್ತಕ ಲೈಬ್ರರಿಯಲ್ಲೇ ಇತ್ತು ಮಾರಾಯ, ಯಾರೂ ಬೇಡ ಹೇಳಲಿಲ್ಲ. ಪಿಚ್ಚರ್ ಬ್ಯಾನ್ ಆಗಿತ್ತಂತೆ ಅಂತ ಗೊತ್ತಾದ ಮೇಲೆ ಮಾತ್ರ ಅದು ಶೆಲ್ಫಿನಲ್ಲಿ ಕೂತದ್ದು ನಾನು ನೋಡಲಿಲ್ಲ" ಅಂದರು. (ತುಳುವಿನಲ್ಲಿ ಹೇಳಿದ್ದು. ಕನ್ನಡಕ್ಕೆ ತಂದಾಗ ಅರ್ಧ ರುಚಿ ಹೋಗಿದೆ.)

ಪುಸ್ತಕಕ್ಕೆ ಬೇಡದ ಅನುಮತಿ ಸಿನಿಮಾಕ್ಕೆ ಯಾಕೆ? ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದೂ ಅದೇ 1970ರಲ್ಲಿ. ಕೆ. ಎ. ಅಬ್ಬಾಸ್ 1968ರಲ್ಲಿ ನಾಲ್ಕು ನಗರಗಳ ಬಗ್ಗೆ ಒಂದು ಕಿರುಚಿತ್ರ ಮಾಡಿದ್ದರು. ಮುಂಬಯಿಯ ವೇಶ್ಯಾವಾಟಿಕೆಯ ಕೆಲವು ಕ್ಷಣಗಳು ಅದರಲ್ಲಿದ್ದವು. ಮಂಡಳಿ 'ಎ' ಸರ್ಟಿಫಿಕೇಟ್ ಕೊಟ್ಟಿತು, 'ಯು' ಬೇಕಾದರೆ ಕತ್ತರಿಸಿ ಅಂದಿತು. ಅಬ್ಬಾಸ್ ನೇರ ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೆಯುವಾಗ ಸರ್ಕಾರ, ಕತ್ತರಿಯಿಲ್ಲದೆಯೇ 'ಯು' ಕೊಡುತ್ತೇವೆ ಅಂತ ಹಿಂದೆ ಸರಿಯಿತು. ಅವರು ಬಿಡಲಿಲ್ಲ. ಸಿನಿಮಾಕ್ಕೆ ಮುಂಚಿತವಾಗಿ ಸೆನ್ಸಾರ್ ಮಾಡುವುದೇ ಸರಿಯಲ್ಲ ಅಂತ ವಾದ ಬದಲಿಸಿದರು. 1970ರ ಸೆಪ್ಟೆಂಬರಿನಲ್ಲಿ ತೀರ್ಪು ಬಂತು. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ಅಬ್ಬಾಸರ ಮುಖ್ಯ ವಾದ ಒಪ್ಪಲಿಲ್ಲ. ಚಲನಚಿತ್ರ ಬೇರೆ ಯಾವ ಕಲೆಗಿಂತಲೂ ಹೆಚ್ಚಾಗಿ ಮನಸ್ಸನ್ನು ಕಲಕುತ್ತದೆ, ಆದ್ದರಿಂದ ಅದಕ್ಕೆ ಬೇರೆ ನಿಯಮ ಇರಬಹುದು ಅಂದಿತು. ಜತೆಗೆ, ವಿಷಯ ಯಾವುದು ಅನ್ನುವುದಕ್ಕಿಂತ ಅದನ್ನು ಹೇಗೆ ತೋರಿಸಿದ್ದಾರೆ ಅನ್ನುವುದು ಮುಖ್ಯ, ಕಲೆಗೆ ಬೆಲೆ ಕೊಡುವ ನಿಯಮ ಬೇಕು ಅಂತಲೂ ಹೇಳಿತು.

ಮೊದಲ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮನಸ್ಸು ಕಲಕುವುದೇ ಅಳತೆ ಅಂತಾದರೆ ನಮ್ಮ ಕಡೆ ಯಕ್ಷಗಾನಕ್ಕೆ ಮೊದಲು ಸೆನ್ಸಾರ್ ಬರಬೇಕಿತ್ತು! ರಾತ್ರಿಯಿಡೀ ಗದ್ದೆಯಲ್ಲಿ ಕೂತ ನೂರಾರು ಜನರ ಎದುರು ಹಾಸ್ಯಗಾರ ಏನು ಬೇಕಾದರೂ ಹೇಳಬಹುದು, ಊರ ಪಟೇಲರಿಂದ ಹಿಡಿದು ಭಟ್ಟರವರೆಗೆ ಯಾರನ್ನು ಬೇಕಾದರೂ ಕೆಣಕಬಹುದು. ನಮ್ಮೂರಿನ ಹೆಸರನ್ನು ತೆಂಕುತಿಟ್ಟಿನ ಉದ್ದಕ್ಕೂ ಹೊತ್ತವರು ಹಾಸ್ಯಗಾರ ಮಿಜಾರು ಅಣ್ಣಪ್ಪ. ಅಂಥವರ ಮಾತು ಹುಟ್ಟುವುದೇ ರಂಗದ ಮೇಲೆ, ಆ ಹೊತ್ತಿಗೆ. ಮುಂಚಿತವಾಗಿ ತರಿಸಿ ಓದಲು ಕಾಗದವೇ ಇಲ್ಲ. ಸಿನಿಮಾ ಪೆಟ್ಟಿಗೆಯಲ್ಲಿ ಕೂರುತ್ತದೆ, ಪೆಟ್ಟಿಗೆಯನ್ನು ತಡೆಯಬಹುದು. ಸಿನಿಮಾಕ್ಕೆ ಮಾತ್ರ ಈ ನಿಯಮ ಬಂದದ್ದಕ್ಕೆ ಭಾವನೆಗಿಂತ ಪೆಟ್ಟಿಗೆಯೇ ದೊಡ್ಡ ಕಾರಣ ಅಂತ ನನ್ನ ಗುಮಾನಿ. ಬ್ರಿಟಿಷರು 1918ರಲ್ಲಿ ಸಿನಿಮಾ ಕಾಯಿದೆ ಮಾಡಿ, 1920ರಲ್ಲಿ ಮುಂಬಯಿ, ಕಲ್ಕತ್ತಾ, ಮದ್ರಾಸು, ರಂಗೂನುಗಳಲ್ಲಿ ಮಂಡಳಿ ಕೂರಿಸಿದರು. ನಾಲ್ಕೂ ಪೆಟ್ಟಿಗೆಗಳು ಹಡಗಿನಿಂದ ಇಳಿಯುವ ಬಂದರುಗಳು, ನೋಡಿ. ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ನಮ್ಮದೇ ಕಾಯಿದೆ ಬಂತು. ಪೆಟ್ಟಿಗೆ ತಡೆಯುವ ಅಭ್ಯಾಸ ಹಾಗೇ ಉಳಿಯಿತು.

'ಸಂಸ್ಕಾರ'ಕ್ಕೆ ಕೊನೆಗೆ ಬಿಡುಗಡೆ ಸಿಕ್ಕಿದ್ದು ದೆಹಲಿಯಿಂದ. ಆಗ ಮಂಡಳಿಯ ಮೇಲಿನ ಮನವಿ ಕೇಳುವುದು ಕೇಂದ್ರ ಸರ್ಕಾರವೇ. ವಾರ್ತಾ ಮತ್ತು ಪ್ರಸಾರ ಸಚಿವಾಲಯ ನಿಷೇಧ ತೆಗೆಯಿತು. ಚಿತ್ರ ತೆರೆಗೆ ಬಂತು. ನಂತರ 1970ರ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪತಿಗಳ ಸ್ವರ್ಣಪದಕ ಬಂತು, ಕನ್ನಡಕ್ಕೆ ಮೊದಲನೆಯದು. ಸೆನ್ಸಾರ್ ಮಂಡಳಿಯೂ ಅದೇ ಸಚಿವಾಲಯದ್ದು, ರಾಷ್ಟ್ರಪ್ರಶಸ್ತಿಯೂ ಅದೇ ಸಚಿವಾಲಯದ್ದು. ಒಂದೇ ಮನೆಯ ಒಂದು ಕೋಣೆಯಲ್ಲಿ 'ಇದನ್ನು ಯಾರಿಗೂ ತೋರಿಸಬೇಡಿ', ಇನ್ನೊಂದು ಕೋಣೆಯಲ್ಲಿ 'ಇಡೀ ದೇಶದಲ್ಲಿ ಇದೇ ಒಳ್ಳೆಯದು'. 1972ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲೂ ಪ್ರಶಸ್ತಿ ಬಂತು.

ಬಾಗಿಲು ಒಮ್ಮೆ ತೆರೆದ ಮೇಲೆ ಹಿಂದಿನಿಂದ ಸಾಲಾಗಿ ಬಂದವು. 'ವಂಶವೃಕ್ಷ', 'ಕಾಡು', 'ಚೋಮನ ದುಡಿ', 'ಘಟಶ್ರಾದ್ಧ'. 'ಚೋಮನ ದುಡಿ'ಗೂ (1975) 'ಘಟಶ್ರಾದ್ಧ'ಕ್ಕೂ (1977) ಸ್ವರ್ಣಕಮಲ. 'ಚೋಮನ ದುಡಿ'ಯ ನಿರ್ದೇಶಕ ಬಿ. ವಿ. ಕಾರಂತರು ನಮ್ಮ ಬಂಟ್ವಾಳ ತಾಲೂಕಿನ ಮಂಚಿಯವರು ಅಂತ ಹೇಳದೆ ಮುಂದೆ ಹೋದರೆ ಊರಿನವರು ಬೈದಾರು. ಇವೆಲ್ಲ ಜಾತಿಯ ಬಗ್ಗೆ 'ಸಂಸ್ಕಾರ'ಕ್ಕಿಂತ ಕಡಿಮೆ ಕಟುವಾಗಿ ಮಾತಾಡಿದವು ಅಂತ ನನಗೆ ಅನ್ನಿಸುವುದಿಲ್ಲ. 'ಘಟಶ್ರಾದ್ಧ' ಅಂತೂ ಅದೇ ಅನಂತಮೂರ್ತಿಯವರ ಕಥೆ, ಗರ್ಭಿಣಿಯಾದ ವಿಧವೆಯನ್ನು ಬದುಕಿರುವಾಗಲೇ ಸತ್ತವಳೆಂದು ಶ್ರಾದ್ಧ ಮಾಡಿ ಹೊರಗೆ ಹಾಕುವುದು.

ಕಥೆ ಇಲ್ಲಿಗೇ ಸುಖವಾಗಿ ಮುಗಿದಿದ್ದರೆ ನಾನೂ ಇಷ್ಟಕ್ಕೇ ನಿಲ್ಲಿಸುತ್ತಿದ್ದೆ. ಆದರೆ ದೆಹಲಿ ದಯಮಾಡಿ ಬಿಟ್ಟದ್ದು ಅಂದೆನಲ್ಲ, ದಯೆಯ ತೊಂದರೆ ಏನೆಂದರೆ ಅದು ಯಾವಾಗಲೂ ಇರುವುದಿಲ್ಲ. 1975ರಲ್ಲಿ ತುರ್ತುಪರಿಸ್ಥಿತಿ ಬಂತು. ಪಟ್ಟಾಭಿ ಮತ್ತು ಸ್ನೇಹಲತಾ ಇಬ್ಬರೂ ಲೋಹಿಯಾವಾದಿಗಳು, ಜಾರ್ಜ್ ಫರ್ನಾಂಡಿಸರ ಗೆಳೆಯರು. 1976ರ ಮೇ ತಿಂಗಳಲ್ಲಿ ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಸ್ನೇಹಲತಾ ಅವರನ್ನು ಹಿಡಿದು ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹಾಕಿದರು. ಆಮೇಲೆ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯಿದೆಯಡಿ ಒಳಗೇ ಇಟ್ಟರು. ಅವರಿಗೆ ಅಸ್ತಮಾ ಇತ್ತು. ಎಂಟು ತಿಂಗಳ ಮೇಲೆ, ಇನ್ನು ತಡೆಯುವುದಿಲ್ಲ ಅನ್ನುವ ಸ್ಥಿತಿಯಲ್ಲಿ, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಕೆಲವೇ ದಿನಗಳಲ್ಲಿ, ಜನವರಿ 20ಕ್ಕೆ ತೀರಿಕೊಂಡರು. ಒಳಗಿದ್ದಾಗ ಬರೆದ ದಿನಚರಿ ಆಮೇಲೆ ಪುಸ್ತಕವಾಗಿ ಬಂತು.

ಇದು ಗೊತ್ತಾದ ಮೇಲೆ ಆ ಚಿತ್ರವನ್ನು ಮೊದಲಿನ ಹಾಗೆ ನೋಡಲು ನನಗೆ ಆಗಿಲ್ಲ. ಎಲ್ಲರ ಬಾಗಿಲು ತಟ್ಟಿ ಸುಸ್ತಾಗಿ, ಕತ್ತಲಲ್ಲಿ ಒಬ್ಬಳೇ ಹೊರಡುವ ಚಂದ್ರಿಯ ಮುಖ ಬಂದಾಗಲೆಲ್ಲ ಪಾತ್ರ ಯಾವುದು, ಅವರು ಯಾರು ಅಂತ ಕಲಸಿ ಹೋಗುತ್ತದೆ.

ಇನ್ನು ಕಾನೂನಿನ ಬಾಲ ಒಂದು ಉಳಿದಿದೆ. ಅಬ್ಬಾಸ್ ಕೇಸಿನಲ್ಲಿ ಸರ್ಕಾರ ಕೋರ್ಟಿಗೆ, ಮಂಡಳಿಯ ಮೇಲಿನ ಮನವಿಯನ್ನು ನಾವು ಕೇಳುವ ಬದಲು ಬೇರೆ ನ್ಯಾಯಮಂಡಳಿಗೆ ಕೊಡುತ್ತೇವೆ ಅಂತ ಮಾತು ಕೊಟ್ಟಿತ್ತು. ಆ ನ್ಯಾಯಮಂಡಳಿ ಬಂದದ್ದು 1983ರಲ್ಲಿ. ಅದೇ ವರ್ಷ ಸೆನ್ಸಾರ್ ಮಂಡಳಿಯ ಹೆಸರಿನಿಂದ 'ಸೆನ್ಸಾರ್' ತೆಗೆದು 'ಪ್ರಮಾಣೀಕರಣ' ಅಂತ ಮಾಡಿದರು. (ಜನರ ಬಾಯಲ್ಲಿ ಇವತ್ತಿಗೂ ಸೆನ್ಸಾರೇ.) ಆದರೂ ಕಾಯಿದೆಯ 6ನೇ ಕಲಮಿನಲ್ಲಿ ಒಂದು ಕಿಟಕಿ ಉಳಿದಿತ್ತು. ಮಂಡಳಿ, ನ್ಯಾಯಮಂಡಳಿ ಏನೇ ಹೇಳಲಿ, ಕೇಂದ್ರ ಸರ್ಕಾರ ಬೇಕೆಂದರೆ ಫೈಲು ತರಿಸಿಕೊಂಡು ತನಗೆ ಕಂಡ ಆದೇಶ ಮಾಡಬಹುದಿತ್ತು.

ಆ ಕಿಟಕಿ ಮುಚ್ಚಿಸಿದ್ದು ಒಬ್ಬ ಕನ್ನಡ ನಿರ್ದೇಶಕ. 'ಮಾಡಿ ಮಡಿದವರು' ಚಿತ್ರದ ಕೆ. ಎಂ. ಶಂಕರಪ್ಪ. ಅವರು ಕರ್ನಾಟಕ ಹೈಕೋರ್ಟಿಗೆ ಹೋದರು. 1990ರಲ್ಲಿ ಹೈಕೋರ್ಟು ಸರ್ಕಾರದ ಆ ಅಧಿಕಾರ ಸಂವಿಧಾನಕ್ಕೆ ವಿರುದ್ಧ ಅಂದಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. 2000ದ ನವೆಂಬರಿನಲ್ಲಿ ಅಲ್ಲೂ ಶಂಕರಪ್ಪನವರೇ ಗೆದ್ದರು. ಗಲಾಟೆ ಆದೀತು ಅನ್ನುವ ವಾದವನ್ನು ಸರ್ಕಾರ ಅಲ್ಲೂ ಮುಂದಿಟ್ಟಿತ್ತು. ಗಲಾಟೆ ಆಗದ ಹಾಗೆ ನೋಡಿಕೊಳ್ಳುವುದೇ ರಾಜ್ಯ ಸರ್ಕಾರದ ಕೆಲಸ, ಅದನ್ನೇ ನೆಪ ಮಾಡಿಕೊಂಡು ಪ್ರಮಾಣಪತ್ರ ಸಿಕ್ಕ ಚಿತ್ರವನ್ನು ತಡೆಯುವುದಲ್ಲ ಅನ್ನುವ ಅರ್ಥದಲ್ಲಿ ಕೋರ್ಟು ಉತ್ತರ ಕೊಟ್ಟಿತು. ಅದಕ್ಕೂ ಮೊದಲು 1989ರಲ್ಲಿ 'ಒರೇ ಒರು ಗ್ರಾಮತ್ತಿಲೆ' ಅನ್ನುವ ತಮಿಳು ಚಿತ್ರದ ಕೇಸಿನಲ್ಲೂ ಇದೇ ಧಾಟಿಯ ತೀರ್ಪು ಬಂದಿತ್ತು, ಅದೂ ಜಾತಿ ಮತ್ತು ಮೀಸಲಾತಿಯ ವಿಷಯ. 1970ರಲ್ಲಿ ಮದ್ರಾಸಿನಲ್ಲಿ 'ಸಂಸ್ಕಾರ'ವನ್ನು ತಡೆದದ್ದು ಯಾವ ಭಯದಿಂದಲೋ, ಅದಕ್ಕೆ ಕಾನೂನಿನ ಉತ್ತರ ಸಿಗಲು ಹತ್ತಿರ ಹತ್ತಿರ 20, 30 ವರ್ಷ ಬೇಕಾಯಿತು.

ಇಲ್ಲೊಂದು ವಿಪರ್ಯಾಸ ಇದೆ, ನಾನು ಇದನ್ನು ತಲೆಯಲ್ಲಿ ತಿರುಗಿಸುತ್ತಲೇ ಇದ್ದೇನೆ. 'ಸಂಸ್ಕಾರ'ವನ್ನು ಉಳಿಸಿದ್ದು ಮಂಡಳಿಯ ಮಾತನ್ನು ಮೀರುವ ಸರ್ಕಾರದ ಅಧಿಕಾರ. ಶಂಕರಪ್ಪ ಹೋರಾಡಿ ತೆಗೆಸಿದ್ದು ಅಂಥದ್ದೇ ಅಧಿಕಾರವನ್ನು. ಹಾಗಾದರೆ ಅವರು ಮಾಡಿದ್ದು ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಬಿಡಿಸುವ ಕೈಗೆ ಕಟ್ಟುವ ಶಕ್ತಿಯೂ ಇರುತ್ತದೆ, 1976 ಅದನ್ನು ತೋರಿಸಿತು. 2021ರಲ್ಲಿ ಒಂದು ಕರಡು ಮಸೂದೆಯಲ್ಲಿ ಆ ಅಧಿಕಾರವನ್ನು ಮತ್ತೆ ತರುವ ಪ್ರಯತ್ನವಾಯಿತು. ಸಿನಿಮಾದವರು ಗಟ್ಟಿಯಾಗಿ ವಿರೋಧಿಸಿದರು. 2023ರ ತಿದ್ದುಪಡಿಯಲ್ಲಿ ಶಂಕರಪ್ಪ ತೀರ್ಪಿಗೆ ಹೊಂದುವ ಹಾಗೆ ಅದನ್ನು ಕಾಯಿದೆಯಿಂದಲೇ ತೆಗೆದರು. ಅಷ್ಟರೊಳಗೆ 2021ರ ಏಪ್ರಿಲ್‌ನಲ್ಲಿ ಮೇಲ್ಮನವಿಯ ನ್ಯಾಯಮಂಡಳಿಯನ್ನೂ ಮುಚ್ಚಿ ಆಗಿತ್ತು. ಹಾಗಾಗಿ ಈಗ ಮಂಡಳಿ 'ಪೂರ್ತಿ ಬೇಡ' ಅಂದರೆ ನೇರ ಹೈಕೋರ್ಟಿಗೇ ಹೋಗಬೇಕು. ಮನೆಮಠ ಅಡವಿಟ್ಟು ಸಣ್ಣ ದುಡ್ಡಿನಲ್ಲಿ ಸಿನಿಮಾ ಮಾಡುವವರು ವಕೀಲರ ಫೀಸಿಗೆ ಎಲ್ಲಿಗೆ ಹೋಗಬೇಕು ಅನ್ನುವುದು ಬೇರೆ ಪ್ರಶ್ನೆ.

ಅಮೆರಿಕದಲ್ಲಿ ಹೇಸ್ ಕೋಡು 1968ರಲ್ಲಿ ಹೋಯಿತು. ಅದರ ಬದಲು ವಯಸ್ಸಿನ ಲೆಕ್ಕದ ರೇಟಿಂಗ್ ಬಂತು. ನಮ್ಮಲ್ಲೂ 2023ರ ತಿದ್ದುಪಡಿ 'ಯುಎ'ಯನ್ನು 7, 13, 16 ಅಂತ ವಯಸ್ಸಿನ ಪ್ರಕಾರ ಮೂರು ಮಾಡಿದೆ. 'ಸಂಸ್ಕಾರ' ಇವತ್ತು ಮಂಡಳಿಯ ಮುಂದೆ ಹೋದರೆ ಯಾವ ಡಬ್ಬಿಗೆ ಬೀಳಬಹುದು? ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಈ ಪ್ರಶ್ನೆ ಹಾಕಿದೆ. ಒಬ್ಬ 16 ಅಂದ, ಇನ್ನೊಬ್ಬಳು 'ಎ' ಅಂದಳು. ಮೂರನೆಯವನು ಮಾತ್ರ, "ಸರ್ಟಿಫಿಕೇಟ್ ಸಿಗುತ್ತೆ ಬಿಡು, ಟಾಕೀಸಿಗೆ ಕಲ್ಲು ಬೀಳದಿದ್ದರೆ ಸಾಕು" ಅಂದ. ಆಮೇಲೆ ಯಾರೂ ಮಾತಾಡಲಿಲ್ಲ, ಮಜ್ಜಿಗೆ ತರಲು ಎದ್ದರು.

ನೋಡದವರು ಒಮ್ಮೆ ನೋಡಿ. ಕಾದಂಬರಿ ಓದಿದವರೂ ನೋಡಿ. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಆ ಕಾಲದಲ್ಲಿ ಅದನ್ನು ಟಾಕೀಸಿನಲ್ಲಿ ನೋಡಿದ್ದರೆ ಕೇಳಿ ಬರೆಯಿರಿ, ಯಾವ ಊರು, ಎಷ್ಟು ಜನ ಇದ್ದರು, ಬಿಟ್ಟ ಮೇಲೆ ಹೊರಗೆ ಬಂದವರು ಏನು ಮಾತಾಡಿದರು ಅಂತ. ನಮ್ಮ ದೊಡ್ಡಪ್ಪನಿಗೆ ಆಗ ಆ ಅವಕಾಶ ಸಿಕ್ಕಿರಲಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಹಾಕಿ ತೋರಿಸಬೇಕು ಅಂತ ಇದ್ದೇನೆ.